ಹುಲ್ಲಿಗೊಂದು ನ್ಯಾಯ, ಹೊಲಕ್ಕೊಂದು ನ್ಯಾಯ

2025ರ ಜುಲೈ 27ರಂದು ಯುರೋಪಿನ ಇಪ್ಪತ್ತೇಳು ರಾಷ್ಟ್ರಗಳ ಪರವಾಗಿ ಮಾತನಾಡುವ ಅಧಿಕಾರವುಳ್ಳ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೇಯೆನ್ ಸ್ಕಾಟ್ಲೆಂಡಿನ ಕಡಲತೀರದ ಗಾಲ್ಫ್ ಮೈದಾನವೊಂದಕ್ಕೆ ತೆರಳಿದರು. ಆಟವಾಡಲಿಕ್ಕಲ್ಲ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರೊಂದಿಗೆ ವ್ಯಾಪಾರದ ಮಾತುಕತೆ ನಡೆಸಲಿಕ್ಕೆ. ಯುರೋಪಿನ ಬಹುತೇಕ ಸರಕುಗಳ ಮೇಲೆ ಶೇಕಡಾ 15ರ ಸುಂಕವೆಂದು ಅಲ್ಲಿಯೇ ತೀರ್ಮಾನವಾಯಿತು. ರಾಷ್ಟ್ರಗಳ ನಡುವಿನ ಕರಾರುಗಳು ಸಂಸತ್ ಭವನಗಳಲ್ಲೋ ಅರಮನೆಗಳಲ್ಲೋ ನಡೆಯುತ್ತಿದ್ದ ಕಾಲವೊಂದಿತ್ತು. ಈಗ ಒಬ್ಬ ವ್ಯಾಪಾರಿಯ ಖಾಸಗಿ ಹೋಟೆಲಿನ ಬಾಗಿಲಿಗೆ ಒಂದು ಖಂಡವೇ ಕೈಕಟ್ಟಿ ಹೋಗಿ ನಿಲ್ಲಬೇಕಾಯಿತು. ಆ ಮೈದಾನದ ಹೆಸರು ಟರ್ನ್‌ಬೆರಿ.

ಸಮುದ್ರ ಕಾಣಬೇಕಾದರೆ ಒಂದು ಹಗಲು ಒಂದು ರಾತ್ರಿ ಪ್ರಯಾಣಿಸಬೇಕಾದ ಡಾಬಕಾದ ಓದುಗನಿಗೆ ಟರ್ನ್‌ಬೆರಿಯ ಗೊಡವೆ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಗಾಲ್ಫ್ ನಮ್ಮ ಸೀಮೆಯ ಆಟವಲ್ಲ. ಔರಾದ, ಭಾಲ್ಕಿಗಳ ಹುಡುಗರು ರಾಶಿ ಮುಗಿದ ಹೊಲದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಆದರೆ ಇಲ್ಲಿ ಹೇಳಹೊರಟಿರುವುದು ಆಟದ ಮಾತಲ್ಲ, ನೆಲದ ಮಾತು. ಟರ್ನ್‌ಬೆರಿಯ ನೆಲ ನೂರಿಪ್ಪತ್ತು ವರ್ಷಗಳಲ್ಲಿ ಹಲವು ಸಲ ರೂಪ ಬದಲಿಸಿದೆ. ಎರಡು ಮಹಾಯುದ್ಧಗಳು ಅದನ್ನು ನುಂಗಿವೆ. ಎರಡು ಸಲವೂ ಅದು ಒಡೆಯರ ಕೈಗೆ ಮರಳಿದೆ, ಮೊದಲಿಗಿಂತ ಹಸಿರಾಗಿ ಮರಳಿದೆ. ಕಳೆದುಹೋದ ನೆಲವನ್ನು ಮರಳಿಸಿಕೊಡುವುದು ಸರ್ಕಾರಗಳಿಗೆ ಅಸಾಧ್ಯವೇನೂ ಅಲ್ಲ ಎಂಬುದಕ್ಕೆ ಅದೊಂದು ಜೀವಂತ ಸಾಕ್ಷ್ಯ. ಯಾರ ನೆಲ ಮರಳುತ್ತದೆ, ಯಾರದ್ದು ಮರಳುವುದಿಲ್ಲ ಎಂಬುದೇ ಇಲ್ಲಿಯ ಪ್ರಶ್ನೆ.

ಸ್ಕಾಟ್ಲೆಂಡಿನ ನೈರುತ್ಯ ಭಾಗದ ಏರ್‌ಶೈರ್ ತೀರದಲ್ಲಿ ಟರ್ನ್‌ಬೆರಿ ಇದೆ. ಉಪ್ಪುಗಾಳಿ, ಮರಳ ದಿಬ್ಬ, ಒರಟು ಹುಲ್ಲು. ನೇಗಿಲಿಗೆ ಬಗ್ಗದ, ಕುರಿ ಮೇಯಲು ಮಾತ್ರ ಯೋಗ್ಯವಾದ ಇಂಥ ನೆಲವನ್ನು ಆ ನಾಡಿನವರು ಲಿಂಕ್ಸ್ ಎನ್ನುತ್ತಾರೆ. ನಮ್ಮ ಗಾಯರಾಣಕ್ಕೆ ತೀರ ದೂರದ ನೆಂಟಸ್ತಿಕೆ ಅದಕ್ಕಿದೆ. ಅಲ್ಲಿಯ ಜಮೀನ್ದಾರ ಏಲ್ಸಾದ ಮಾರ್ಕ್ವಿಸ್ ತನ್ನ ನೆಲದಲ್ಲಿ ಗಾಲ್ಫ್ ಮೈದಾನ ಹಾಕಿಸಲು ವಿಲ್ಲಿ ಫರ್ನಿ ಎಂಬ ಆಟಗಾರನನ್ನು ಕರೆಸಿದ. 1901ರಲ್ಲಿ ಮೈದಾನ ಸಿದ್ಧವಾಯಿತು. ಗ್ಲಾಸ್ಗೋ ಮತ್ತು ನೈರುತ್ಯ ರೈಲ್ವೆ ಕಂಪನಿ ಅಲ್ಲಿಗೆ ರೈಲು ತಂದು 1906ರಲ್ಲಿ ಗುಡ್ಡದ ಮೇಲೊಂದು ಭವ್ಯ ಹೋಟೆಲು ತೆರೆಯಿತು. ಗ್ಲಾಸ್ಗೋದ ಹಣವಂತರು ರೈಲು ಹತ್ತಿ ಬಂದು, ಹೋಟೆಲಿನಲ್ಲಿ ಇಳಿದು, ಮೈದಾನದಲ್ಲಿ ಆಡಿ ಹೋಗುತ್ತಿದ್ದರು. ಕುರಿಗಳು ಎಲ್ಲಿಗೆ ಹೋದವೆಂದು ಮೈದಾನದ ಚರಿತ್ರೆಗಳು ಹೇಳುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಮೈದಾನವನ್ನು ಬ್ರಿಟಿಷ್ ವಾಯುಪಡೆಯ ತರಬೇತಿಗೆ ಬಿಟ್ಟುಕೊಡಲಾಯಿತು. ಬೀದರಿನವರಿಗೆ ವಿಮಾನ ತರಬೇತಿ ಕೇಂದ್ರವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಆ ಸದ್ದು ನಮ್ಮ ದಿನಚರಿಯ ಭಾಗ. ತರಬೇತಿಯ ವೇಳೆ ಸತ್ತ ಹುಡುಗರ ಸ್ಮಾರಕವೊಂದು ಇಂದಿಗೂ ಹನ್ನೆರಡನೆಯ ಕುಳಿಯ ಬಳಿಯ ದಿಬ್ಬದ ಮೇಲಿದೆ. ಎರಡನೆಯ ಮಹಾಯುದ್ಧದ ಪೆಟ್ಟು ಇನ್ನೂ ದೊಡ್ಡದು. ದಿಬ್ಬಗಳನ್ನು ನೆಲಸಮಗೊಳಿಸಿ ದಪ್ಪ ಕಾಂಕ್ರೀಟಿನ ರನ್‌ವೇಗಳನ್ನು ಹಾಸಿದರು. ಹೋಟೆಲು ಆಸ್ಪತ್ರೆಯಾಯಿತು. 1945ರಲ್ಲಿ ಯುದ್ಧ ಮುಗಿದಾಗ ಅಲ್ಲೊಂದು ಗಾಲ್ಫ್ ಮೈದಾನವಿತ್ತೆಂದು ನಂಬುವುದು ಕಷ್ಟವಾಗಿತ್ತು.

ಮುಂದೆ ನಡೆದುದನ್ನು ಸಾವಧಾನವಾಗಿ ಗಮನಿಸಬೇಕು. ಹೋಟೆಲಿನ ಆಡಳಿತದಲ್ಲಿದ್ದ ಫ್ರಾಂಕ್ ಹೋಲ್ ಎಂಬಾತ ಸರ್ಕಾರದ ಬೆನ್ನುಬಿದ್ದ. ಯುದ್ಧಕ್ಕಾಗಿ ನೆಲ ಕೊಟ್ಟಿದ್ದೇವೆ, ಹಾಳಾದುದನ್ನು ಸರಿಪಡಿಸಿಕೊಡಿ ಎಂದು ಕೇಳಿದ, ಪರಿಹಾರ ದೊರೆಯಿತು. ಫಿಲಿಪ್ ಮೆಕೆಂಜಿ ರಾಸ್ ಎಂಬ ವಿನ್ಯಾಸಕಾರನನ್ನು ನೇಮಿಸಲಾಯಿತು. ಆತ ಪ್ರತಿಯೊಂದು ಕುಳಿಯ ಸುತ್ತಲಿನ ಹುಲ್ಲುಹಾಸು ಹೇಗಿರಬೇಕೆಂದು ಮೃದುಮಣ್ಣಿನ ಮಾದರಿಗಳನ್ನು ಮಾಡಿ ಕೆಲಸಗಾರರ ಮುಂದಿಟ್ಟ. ಕಾಂಕ್ರೀಟು ಒಡೆದು, ಮಣ್ಣು ಹೊರಿಸಿ, ದಿಬ್ಬಗಳನ್ನು ಎಬ್ಬಿಸಿ, ಹುಲ್ಲು ಹಾಸಿ 1951ರಲ್ಲಿ ಮೈದಾನವನ್ನು ಮತ್ತೆ ತೆರೆದರು. ಯುದ್ಧದಿಂದ ಜರ್ಜರಿತವಾಗಿ, ರೇಷನ್ ಪದ್ಧತಿಯಲ್ಲಿ ಬದುಕುತ್ತಿದ್ದ ದೇಶವೊಂದು ಆರೇ ವರ್ಷಗಳಲ್ಲಿ ಹದಿನೆಂಟು ಕುಳಿಗಳ ಹುಲ್ಲಿಗೆ ನ್ಯಾಯ ಒದಗಿಸಿತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಕೆಲಸ 1970ರ ದಶಕದಲ್ಲಿ ಆರಂಭವಾಯಿತು. ಅದು ಐಷಾರಾಮದ ಯೋಜನೆಯಲ್ಲ. ಅದರ ನೀರನ್ನು ಹೊಲಗಳೂ ನಂಬಿವೆ, ಬೀದರ ನಗರವೂ ನಂಬಿದೆ. ಆ ನೀರಿನ ಕೆಳಗೆ ಹಳ್ಳಿಗಳಿವೆ, ಎರೆಹೊಲಗಳಿವೆ, ಗುಡಿ ಮಸೀದಿಗಳಿವೆ, ಹಿರಿಯರ ಗೋರಿಗಳಿವೆ. ಅವುಗಳನ್ನು ಬಿಟ್ಟೆದ್ದು ಬಂದವರು ಅಂದಿನಿಂದ ಕೇಳುತ್ತಿರುವುದು ಒಂದೇ ಮಾತು: ನಮ್ಮ ನೆಲಕ್ಕೆ ತಕ್ಕ ಬೆಲೆ ಕೊಡಿ. ಅದಕ್ಕವರು ವೈಜ್ಞಾನಿಕ ಪರಿಹಾರವೆಂಬ ಹೆಸರು ಕೊಟ್ಟಿದ್ದಾರೆ. ಅರ್ಜಿಗಳಾದವು, ನ್ಯಾಯಾಲಯಗಳಾದವು, ಎಲ್ಲ ಬಣ್ಣದ ಸರ್ಕಾರಗಳ ಭರವಸೆಗಳಾದವು. 2022ರಲ್ಲಿ ಸಂತ್ರಸ್ತರು ಬೀದರಿನಲ್ಲಿ ಹೂಡಿದ ಧರಣಿ ನೂರಾರು ದಿನಗಳನ್ನು ದಾಟಿತು. ಹೊಲ ಕೊಟ್ಟ ತಲೆಮಾರು ಮಣ್ಣಾಯಿತು. ಈಗ ಟೆಂಟಿನ ಕೆಳಗೆ ಕೂರುವವರು ಅವರ ಮಕ್ಕಳು, ಮೊಮ್ಮಕ್ಕಳು.

ಟರ್ನ್‌ಬೆರಿಯವರು ಪರಿಹಾರ ಪಡೆದದ್ದು ತಪ್ಪೆಂದು ಇಲ್ಲಿ ವಾದಿಸುತ್ತಿಲ್ಲ. ಸಾರ್ವಜನಿಕ ಉದ್ದೇಶಕ್ಕೆ ನೆಲ ಕೊಟ್ಟವನಿಗೆ ಅದರ ನಷ್ಟ ತುಂಬಿಕೊಡಬೇಕೆಂಬ ನಿಯಮ ಸರಿಯಾದುದೇ. ಆದರೆ ಗಾಲ್ಫ್ ಮೈದಾನಕ್ಕೆ ಆರು ವರ್ಷಗಳಲ್ಲಿ ಅನ್ವಯವಾಗುವ ನಿಯಮ ಜೋಳದ ಹೊಲಕ್ಕೆ ಅರ್ಧ ಶತಮಾನವಾದರೂ ಏಕೆ ಅನ್ವಯವಾಗುವುದಿಲ್ಲ? ಅಲ್ಲಿ ಕೇಳಿದವನಿಗೆ ಮಂತ್ರಿಗಳ ಕೊಠಡಿಯ ದಾರಿ ತಿಳಿದಿತ್ತು. ಇಲ್ಲಿ ಕೇಳುವವನಿಗೆ ತಹಶೀಲ್ದಾರ್ ಕಚೇರಿಯ ಕಟ್ಟೆ ಮಾತ್ರ ಪರಿಚಿತ. ಬೇರೆ ವ್ಯತ್ಯಾಸ ನನಗಂತೂ ಕಾಣಿಸದು.

ಇನ್ನೊಂದು ವಿಚಾರ. ಬ್ರಿಟನ್ನಿನ ರೈಲ್ವೆ 1948ರಲ್ಲಿ ರಾಷ್ಟ್ರೀಕರಣಗೊಂಡಿತು. ರೈಲ್ವೆಯ ಹೋಟೆಲುಗಳೂ ಸರ್ಕಾರದವಾದವು. ಹೀಗೆ ಸಾರ್ವಜನಿಕ ಬೊಕ್ಕಸದ ನೆರಳಲ್ಲಿ ಮರುಹುಟ್ಟು ಪಡೆದ ಟರ್ನ್‌ಬೆರಿ 1977ರಲ್ಲಿ ಮೊದಲ ಬಾರಿಗೆ ಓಪನ್ ಪಂದ್ಯಾವಳಿಗೆ ವೇದಿಕೆಯಾಗಿ, ಟಾಮ್ ವಾಟ್ಸನ್ ಮತ್ತು ಜಾಕ್ ನಿಕ್ಲಾಸ್ ನಡುವಣ ಹಣಾಹಣಿಯಿಂದ ಜಗತ್ಪ್ರಸಿದ್ಧವಾಯಿತು. ಬೆಲೆ ಬಂದ ಕೂಡಲೇ ಮಾರಾಟಕ್ಕಿಡಲಾಯಿತು. ಮಾರ್ಗರೆಟ್ ಥ್ಯಾಚರ್ ಆಳ್ವಿಕೆಯ 1983ರಲ್ಲಿ ಅದು ಖಾಸಗಿಯವರ ಪಾಲಾಯಿತು. ಬಳಿಕ ಜಪಾನಿನ ಕಂಪನಿ, ಅಮೆರಿಕದ ಹೋಟೆಲ್ ಸಂಸ್ಥೆ, 2008ರಲ್ಲಿ ದುಬೈ ಸರ್ಕಾರದ ಒಡೆತನದ ಲೀಷರ್‌ಕಾರ್ಪ್, 2014ರಲ್ಲಿ ಟ್ರಂಪ್.

ದುಬೈಯ ಹೆಸರು ಬಂದುದರಿಂದ ನಮ್ಮವರ ಕುರಿತೂ ಒಂದು ಮಾತು ಹೇಳಲೇಬೇಕು. 1988ರಲ್ಲಿ ದುಬೈಯ ಮರಳುಗಾಡಿನಲ್ಲಿ ಮಧ್ಯಪ್ರಾಚ್ಯದ ಮೊತ್ತಮೊದಲ ಹುಲ್ಲಿನ ಗಾಲ್ಫ್ ಮೈದಾನ ತೆರೆಯಿತು. ಹನಿ ನೀರಿಗಾಗಿ ಸಮುದ್ರವನ್ನು ಕುದಿಸಿ ಸೋಸಬೇಕಾದ ನಾಡಿನಲ್ಲಿ ಹದಿನೆಂಟು ಕುಳಿಗಳ ಹುಲ್ಲು! ಅದನ್ನು ಮುಸ್ಲಿಮ್ ಜಗತ್ತಿನ ಪ್ರಗತಿಯೆಂದು ಎದೆಯುಬ್ಬಿಸಿ ಹೇಳುವವರು ನಮ್ಮಲ್ಲಿ ಇದ್ದಾರೆ. ಜುಮಾ ನಮಾಝ್ ಮುಗಿಸಿ ಬಂದು ಮೊಬೈಲಿನಲ್ಲಿ ಆ ಚಿತ್ರಗಳನ್ನು ತೋರಿಸುತ್ತಾರೆ. ಕೊಲ್ಲಿಯ ಬಿಸಿಲಿನಲ್ಲಿ ಹುಲ್ಲಿಗೆ ನೀರುಣಿಸಿ, ಊರಿಗೆ ಹಣ ಕಳಿಸುವ ತೋಟದ ಕೂಲಿಗಳಲ್ಲಿ ನಮ್ಮ ದೇಶದ ಮಕ್ಕಳೇ ಹೆಚ್ಚಿದ್ದಾರೆಂಬುದು ಆ ಚಿತ್ರಗಳಲ್ಲಿ ಕಾಣಿಸುವುದಿಲ್ಲ. ಮೇವಿಗೂ ನೀರಿಗೂ ಎಲ್ಲರೂ ಪಾಲುದಾರರೆಂಬ ಅಧ್ಯಾಯವನ್ನು ಫಿಕ್ಹ್ ಪಾಠದಲ್ಲಿ ಓದಿದವರು ನಾವು. ಟ್ರಂಪರ ಗಾಲ್ಫ್ ದುರಾಸೆ, ಶೇಖರ ಗಾಲ್ಫ್ ಪ್ರಗತಿ ಎಂಬ ಇಬ್ಬಂದಿತನ ನಮಗೆ ಒಪ್ಪುವುದಿಲ್ಲ.

ಟ್ರಂಪ್ ಕೈಗೆ ಬಂದ ಮೇಲೆ ಟರ್ನ್‌ಬೆರಿಯ ಮತ್ತೊಂದು ಮರುವಿನ್ಯಾಸ ನಡೆಯಿತು. ಮಾರ್ಟಿನ್ ಎಬರ್ಟ್ ಎಂಬ ವಿನ್ಯಾಸಕಾರ ಕುಳಿಗಳನ್ನು ಕಡಲಿಗೆ ಇನ್ನಷ್ಟು ಹತ್ತಿರ ಎಳೆದ. ಒಂಬತ್ತನೆಯ ಕುಳಿಯಲ್ಲಿ ಈಗ ಬಂಡೆಗಳ ನಡುವಿನ ಕೊಲ್ಲಿಯ ಮೇಲಿಂದ ದೀಪಸ್ತಂಭದತ್ತ ಚೆಂಡು ಹೊಡೆಯಬೇಕು. 1873ರಿಂದ ಹಡಗುಗಳಿಗೆ ದಾರಿ ತೋರುತ್ತಿದ್ದ ಆ ದೀಪಸ್ತಂಭದ ಕಾವಲುಗಾರರ ಮನೆ ಆಟಗಾರರ ಉಪಾಹಾರದ ತಾಣವಾಯಿತು, ಅದರ ಮೇಲೆ ಐಷಾರಾಮಿ ಕೋಣೆಗಳಾದವು. ಬಲ್ಲವರು ಈ ವಿನ್ಯಾಸವನ್ನು ಮೆಚ್ಚಿದ್ದಾರೆ. ಮೈದಾನ ಮೊದಲಿಗಿಂತ ಸುಂದರವಾಗಿದೆ ಎಂಬುದನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. 2016ರ ಜೂನ್ 24ರಂದು ಟ್ರಂಪ್ ಖುದ್ದಾಗಿ ಬಂದು ಅದನ್ನು ಉದ್ಘಾಟಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ಗಡಿಯಾಚೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಬಂದಿತ್ತು. ಮೊದಲ ರೈಲಿನಲ್ಲಿ ಹತ್ತು ವ್ಯಾಗನ್, ಐದು ಲಕ್ಷ ಲೀಟರು. ಸ್ಕಾಟ್ಲೆಂಡಿನ ಮಳೆಗೂ ಮರಾಠವಾಡದ ಬರಕ್ಕೂ ಸಂಬಂಧ ಕಲ್ಪಿಸುವುದು ಕುತರ್ಕವಾದೀತು. ಆದರೆ ಸ್ಕಾಟ್ಲೆಂಡಿನ ಹಸಿರನ್ನು ಮಳೆಯಿಲ್ಲದ ನಾಡುಗಳಲ್ಲಿ ನಕಲು ಮಾಡಹೊರಡುವವರು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಬೇಕು.

ಆ ಸೌಂದರ್ಯ ಯಾರಿಗಾಗಿ? 2025ರ ಬೇಸಿಗೆಯಲ್ಲಿ ಹೋಟೆಲಿನಲ್ಲಿ ತಂಗದ ಹೊರಗಿನವನೊಬ್ಬ ಬೆಳಗಿನ ಹೊತ್ತು ಅಲ್ಲಿ ಒಂದು ಸುತ್ತು ಆಡಬೇಕಾದರೆ ತೆರಬೇಕಿದ್ದ ಶುಲ್ಕ ಸಾವಿರ ಪೌಂಡ್, ಅಂದರೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. ವರ್ಷಕ್ಕೆ ನೂರು ದಿನ ತಪ್ಪದೆ ಕೆಲಸ ಸಿಕ್ಕರೂ (ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು) ಆ ಒಂದು ಬೆಳಗಿಗೆ ನಮ್ಮ ಕೂಲಿಯವನು ಮೂರು ವರ್ಷ ಮಣ್ಣು ಹೊರಬೇಕು.

ಟರ್ನ್‌ಬೆರಿಗೂ ಮೊದಲು ಟ್ರಂಪ್ ಸ್ಕಾಟ್ಲೆಂಡಿನ ಈಶಾನ್ಯ ತೀರದ ಮೆನಿ ಎಂಬಲ್ಲಿ ಕೈಹಾಕಿದ್ದರು. ಅಲ್ಲಿನ ಮರಳ ದಿಬ್ಬಗಳು ಗಾಳಿಗೆ ಚಲಿಸುವಂಥವು. ಅದೇ ಕಾರಣಕ್ಕೆ ಅವು ವೈಜ್ಞಾನಿಕ ಮಹತ್ವದ ತಾಣವೆಂದು ಕಾನೂನಿನ ರಕ್ಷಣೆ ಪಡೆದಿದ್ದವು. 2007ರಲ್ಲಿ ಸ್ಥಳೀಯ ಸಂಸ್ಥೆಯ ಸಮಿತಿ ಯೋಜನೆಯನ್ನು ತಿರಸ್ಕರಿಸಿತು. ಎಡಿನ್‌ಬರೋದ ಸರ್ಕಾರ ಕಡತವನ್ನು ತನ್ನ ಬಳಿಗೆ ತರಿಸಿಕೊಂಡು 2008ರಲ್ಲಿ ಒಪ್ಪಿಗೆ ನೀಡಿತು. ನೂರು ಕೋಟಿ ಪೌಂಡಿನ ಹೂಡಿಕೆ, ಆರು ಸಾವಿರ ಉದ್ಯೋಗ ಎಂಬ ಮಾತು ಆಗ ಕೇಳಿಬಂದಿತ್ತು. ಮನೆ ಮಾರಲೊಪ್ಪದ ನೆರೆಯವರ ಮೇಲೆ ಕಡ್ಡಾಯ ಭೂಸ್ವಾಧೀನದ ಕತ್ತಿ ವರ್ಷಗಟ್ಟಲೆ ತೂಗಿತು. 2012ರಲ್ಲಿ ಮೈದಾನ ತೆರೆಯಿತು. ದಿಬ್ಬಗಳಿಗೆ ಹುಲ್ಲು ಹಿಡಿಸಿ ಅಲುಗದಂತೆ ಮಾಡಿದ್ದರಿಂದ ಅವುಗಳ ವೈಜ್ಞಾನಿಕ ಮಹತ್ವವೇ ನಾಶವಾಯಿತೆಂದು 2020ರ ಡಿಸೆಂಬರಿನಲ್ಲಿ ಸರ್ಕಾರಿ ಪ್ರಕೃತಿ ಸಂಸ್ಥೆ ಆ ಭಾಗದ ರಕ್ಷಣೆಯನ್ನು ಕಳಚಿತು. ನಿಯಮ ಮುರಿದವನಿಗೆ ಶಿಕ್ಷೆಯಾಗಲಿಲ್ಲ, ಮುರಿದ ನಿಯಮವನ್ನು ಕಡತದಿಂದ ತೆಗೆದುಹಾಕಲಾಯಿತು. ಆರು ಸಾವಿರ ಉದ್ಯೋಗಗಳ ಪ್ರಸ್ತಾಪ ಈಗ ಯಾರೂ ಎತ್ತುವುದಿಲ್ಲ.

ಇಷ್ಟರಿಂದ ಗಾಲ್ಫ್ ಆಟವೇ ಪಾಪವೆಂದು ತೀರ್ಮಾನಿಸುವ ಅವಸರ ಬೇಡ. ಅದೇ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನ ಕಡಲ ಬಯಲು ಊರವರೆಲ್ಲರ ಆಸ್ತಿಯೆಂದು 1552ರ ಸನ್ನದು ಒಪ್ಪಿಕೊಂಡಿತ್ತು. ಊರವರು ಅಲ್ಲಿ ದನ ಕುರಿ ಮೇಯಿಸಬಹುದು, ಚೆಂಡಾಟ ಆಡಬಹುದು. 1797ರಲ್ಲಿ ದಿವಾಳಿಯೆದ್ದ ನಗರಾಡಳಿತ ಆ ಬಯಲನ್ನು ಮಾರಿತು. ಬಳಿಕ ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಮೊಲಗಳು ಬಿಲ ತೋಡಿ ಮೈದಾನ ಕೆಡಿಸಿದಾಗ ಊರವರು ಸುಮ್ಮನಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿದರು. 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಬಯಲು ಊರಿನ ಕೈಗೆ ಮರಳಿತು. ಇಂದು ಅದನ್ನು ಕಾನೂನಿನಿಂದ ರಚಿತವಾದ ಟ್ರಸ್ಟ್ ನೋಡಿಕೊಳ್ಳುತ್ತದೆ. ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಮೈದಾನವದು. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ, ಊರವರು ಮಕ್ಕಳೊಂದಿಗೆ ಅದರ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಮೈದಾನದ ಗಡಿಕಲ್ಲು ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕರ್ನಾಟಕದಲ್ಲಿ ಆ ಗಡಿಕಲ್ಲಿನ ಸ್ಥಿತಿ ಹೇಗಿದೆ? ಬಿಡದಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟಿನ ಬೇಲಿಯೊಳಗೆ 77 ಎಕರೆಗೂ ಮಿಕ್ಕಿ ಸರ್ಕಾರಿ ಭೂಮಿ ಸೇರಿಕೊಂಡಿತೆಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದಕ್ಕಾಗಿ ರಾಜ್ಯ ಸರ್ಕಾರ 2017ರಲ್ಲಿ ಕೇಳಿದ ಮೊತ್ತ 982 ಕೋಟಿ ರೂಪಾಯಿ. ಅದೇ 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನೂ, 2018ರ ಮೇ ತಿಂಗಳಿನಲ್ಲಿ ಕರ್ನಾಟಕದ ಕಾಂಗ್ರೆಸ್ ಶಾಸಕರನ್ನೂ ಕುದುರೆ ವ್ಯಾಪಾರದಿಂದ ಕಾಪಾಡಲೆಂದು ತಂದಿರಿಸಿದ್ದು ಅದೇ ರೆಸಾರ್ಟಿನಲ್ಲಿ. ಪ್ರಜಾಪ್ರಭುತ್ವವನ್ನು ಉಳಿಸಲು ಶಾಸಕರು ಆರಿಸಿಕೊಂಡ ಕೋಟೆ ಅದು! ಇತ್ತ ಗಾಯರಾಣದಲ್ಲಿ ಎರಡು ಎಕರೆ ಉಳುತ್ತಿರುವ ದಲಿತ, ಲಂಬಾಣಿ, ಮುಸ್ಲಿಮ್ ಬಡವನ ಬಗರ್‌ಹುಕುಂ ಅರ್ಜಿ ನಮೂನೆ 50, 53, 57 ಎಂದು ಸಂಖ್ಯೆ ಬದಲಿಸುತ್ತಾ ಬಂದಿದೆ. ಇವನನ್ನು ಕಾಗದಗಳು ಒತ್ತುವರಿದಾರನೆನ್ನುತ್ತವೆ. ಅವನನ್ನು ಉದ್ಯಮಿ ಎನ್ನುತ್ತವೆ.

ಊರಿನ ಸಾರ್ವಜನಿಕ ನೆಲವನ್ನು ಒತ್ತುವರಿದಾರರಿಂದ ಬಿಡಿಸಿ ಗ್ರಾಮಕ್ಕೆ ಮರಳಿಸಲು ಯೋಜನೆ ರೂಪಿಸಬೇಕೆಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತ್ತು. ಭೂರಹಿತರಿಗೆ ಸರ್ಕಾರವೇ ಕೊಟ್ಟ ಗುತ್ತಿಗೆಗಳಿಗೆ ಅದರಲ್ಲಿ ವಿನಾಯಿತಿಯ ಅವಕಾಶವೂ ಇತ್ತು. ಕರಾವಳಿಯ ಕಾನೂನಿನ ಕಥೆಯೂ ಇದೇ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತೀರದ ರೆಸಾರ್ಟುಗಳಿಗೆ ವಿಧಿಸಿದ ಷರತ್ತುಗಳಲ್ಲಿ ಮರಳ ದಿಬ್ಬಗಳನ್ನು ಸಮತಟ್ಟು ಮಾಡಕೂಡದು ಎಂಬುದೂ ಒಂದು. ಆಟದ ಗೋಲು ಕಂಬ, ಬಲೆಯ ಕಂಬ, ದೀಪದ ಕಂಬಗಳನ್ನುಳಿದು ಬೇರಾವ ಶಾಶ್ವತ ಕ್ರೀಡಾ ಕಟ್ಟಡವೂ ಕೂಡದೆಂದು ಅದು ಹೇಳಿತ್ತು. ಅಂದು ತೀರದಿಂದ 200 ಮೀಟರ್ ಇದ್ದ ನಿರ್ಬಂಧಿತ ಪ್ರದೇಶ, 2019ರ ಅಧಿಸೂಚನೆಯಲ್ಲಿ ಜನನಿಬಿಡ ಗ್ರಾಮಗಳ ಮಟ್ಟಿಗೆ 50 ಮೀಟರಿಗೆ ಕುಗ್ಗಿತು. ಮೆನಿಯಲ್ಲಿ ದಿಬ್ಬ ಸತ್ತ ಮೇಲೆ ನಿಯಮವನ್ನು ಹೂತರು. ನಾವು ಯಂತ್ರಗಳು ಬರುವ ಮೊದಲೇ ನಿಯಮವನ್ನು ಕತ್ತರಿಸಿಟ್ಟಿದ್ದೇವೆ.

ತೀರವನ್ನು ಹಣವಂತನ ಕಣ್ಣಿಗೆ ಹಿತವಾಗುವಂತೆ ಮರುವಿನ್ಯಾಸಗೊಳಿಸುವ ಈ ಚಾಳಿ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಜಗತ್ತು 2025ರ ಫೆಬ್ರವರಿ 4ರಂದು ಕೇಳಿಸಿಕೊಂಡಿತು. ನೆತನ್ಯಾಹು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಟ್ರಂಪ್, ಅಮೆರಿಕವು ಗಾಝಾವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದೆಂದೂ, ಅಲ್ಲಿಯವರನ್ನು ಬೇರೆಡೆ ನೆಲೆಗೊಳಿಸಿ ಅದನ್ನು ಮಧ್ಯಪ್ರಾಚ್ಯದ ರಿವಿಯೇರಾ ಮಾಡಬಹುದೆಂದೂ ಹೇಳಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮನೆಮಠ, ಗೋರಿ, ಆಲಿವ್ ತೋಪುಗಳಿರುವ ತೀರವು ಅವರ ಕಣ್ಣಿಗೆ ಒಳ್ಳೆಯ ಸಮುದ್ರನೋಟವುಳ್ಳ ನಿವೇಶನವಾಗಿ ಕಂಡಿತು. ಮೆನಿಯ ನೆರೆಯವರನ್ನು ನೋಡಿದ ಕಣ್ಣೇ ಅದು. ಮಾರ್ಚ್ 8ರಂದು ಪ್ರತಿಭಟನಕಾರರು ರಾತ್ರೋರಾತ್ರಿ ಟರ್ನ್‌ಬೆರಿಗೆ ನುಗ್ಗಿ, ಗಾಝಾ ಮಾರಾಟಕ್ಕಿಲ್ಲವೆಂದು ಹುಲ್ಲಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬಳಿದರು, ಕಟ್ಟಡಕ್ಕೆ ಕೆಂಪು ಬಣ್ಣ ಎರಚಿದರು, ಕುಳಿಗಳ ಸುತ್ತ ನೆಲ ಅಗೆದರು. ಪರರ ಆಸ್ತಿಯನ್ನು ಕೆಡಿಸುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಹುಲ್ಲು ಬೇಗನೆ ಚಿಗುರಿತು. ಜುಲೈ ಹೊತ್ತಿಗೆ ಟ್ರಂಪ್ ಅಲ್ಲಿ ಆಟವಾಡಿ, ಯುರೋಪಿನೊಂದಿಗೆ ಕರಾರನ್ನೂ ಮುಗಿಸಿದ್ದರು. ಗಾಝಾದಲ್ಲಿ ಉರುಳಿದ ಮನೆಗಳಿಗೆ ಮಾದರಿ ಮಾಡಿಕೊಡಲು ಯಾವ ಮೆಕೆಂಜಿ ರಾಸ್ ಕೂಡಾ ಹೋಗಿಲ್ಲ.

ನಮ್ಮ ಜಿಲ್ಲೆಯ ಶಾಸಕರಲ್ಲಿ ಕೇಳಬೇಕಾದುದು ಎರಡು. ಔರಾದ, ಭಾಲ್ಕಿ, ಕಮಲನಗರ ತಾಲ್ಲೂಕುಗಳ ಪ್ರತಿಯೊಂದು ಗ್ರಾಮದ ಗಾಯರಾಣ ಎಷ್ಟಿತ್ತು, ಎಷ್ಟು ಉಳಿದಿದೆ, ಯಾರ ವಶದಲ್ಲಿದೆ ಎಂಬ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಕಾರಂಜಾ ಸಂತ್ರಸ್ತರ ವೈಜ್ಞಾನಿಕ ಪರಿಹಾರದ ಬೇಡಿಕೆಗೆ ಹೌದೆಂದೋ ಇಲ್ಲವೆಂದೋ ಬೆಳಗಾವಿಯ ಅಧಿವೇಶನದಲ್ಲಿ ಎದ್ದು ನಿಂತು, ಕಡತಕ್ಕೆ ಸೇರುವಂತೆ, ಸರ್ಕಾರದಿಂದ ಉತ್ತರ ಪಡೆಯಲಿ. ಟೆಂಟಿನಲ್ಲಿ ಕೂತ ಹಿರಿಯರ ಬಳಿ ಖಾತೆ ಸಂಖ್ಯೆ, ಸರ್ವೆ ನಂಬರು, ಮುಳುಗಿದ ಎಕರೆ ಗುಂಟೆಗಳ ಲೆಕ್ಕ ಎಲ್ಲವೂ ಇದೆ. ಯಾವ ಬದುವಿನಲ್ಲಿ ಯಾವ ಮಾವಿನ ಮರವಿತ್ತೆಂಬುದನ್ನೂ ಅವರು ಹೇಳುತ್ತಾರೆ, ಕೇಳುವವರು ಬಂದರೆ.